ಕೊಳವೆಗೊಂದು ಕೌದಿ

ಆ ದಿನವೂ ಬೆಳಿಗ್ಗೆ ಎದ್ದವಳು ರಂಗೋಲಿ ಹಾಕಿ, ಹಾಲು ಕಾಯಲಿಟ್ಟು, ನಮ್ಮ ಯಜಮಾನರ ಮೂಗಿನ ಕೊಳವೆಯನ್ನು ಹಿತ್ತಲಿಗೆ ಒಯ್ದು ಝಾಡಿಸಿದೆ. ಎರಡು ಚಮಚೆ ನೀರು ಬಿತ್ತು. ಬಳೆಬಳೆಯಾಗಿ ಸುತ್ತಿದ, ಆರಡಿ ಉದ್ದದ ಆ ಬೂದು ಕೊಳವೆಯನ್ನು ಬನಿಯನ್ನುಗಳ ಪಕ್ಕ ತಂತಿಗೆ ನೇತುಹಾಕಿ, ರಾಣೆಬೆನ್ನೂರಿನಲ್ಲಿ ಇಂಥ ಒಗೆತ ಒಣಗುವ ಮನೆ ನಮ್ಮದೊಂದೇ ಇರಬೇಕೆಂದು ಕ್ಷಣಕಾಲ ಬೀಗಿದ್ದೂ ಉಂಟು.

ನಿಮ್ಮಲ್ಲಿ ಮುಚ್ಚುಮರೆಯೇಕೆ? ನಮ್ಮವರಿಗೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ. ಗೊರಕೆ ಹೊಡೆಯುತ್ತಿದ್ದವರು ತಟ್ಟನೆ ಸುಮ್ಮನಾಗುವರು. ಆ ಮೌನದಲ್ಲಿ ನಾನು ಕಾನ್ವೆಂಟಿನ ರೂಢಿಯಂತೆ ಒನ್, ಟೂ, ತ್ರೀ ಎಂದು ಎಣಿಸಿ, ಟ್ವೆಂಟಿಗೆ ಭುಜ ಅಲುಗಿಸುವೆನು. ವರ್ಷಗಟ್ಟಲೆ ಹೀಗೆ ಕಾವಲು ಕಾದವಳಿಗೆ, ಹುಬ್ಬಳ್ಳಿಯ ಡಾಕ್ಟರು ಬರೆದುಕೊಟ್ಟ ಸಿಪ್ಯಾಪ್ ಯಂತ್ರ ಮನೆಗೆ ಬಂದಾಗ ನಿವೃತ್ತಿ ಸಿಕ್ಕಷ್ಟು ಹಿಗ್ಗಾಗಿತ್ತು. ಅದು ಕೊಳವೆಯ ಮೂಲಕ ಮೂಗಿನ ಮುಖವಾಡಕ್ಕೆ ಗಾಳಿ ಒತ್ತುತ್ತದೆ. ಮೂಗು ಒಣಗದಿರಲೆಂದು ಪುಟ್ಟ ತೊಟ್ಟಿಯ ನೀರು ಕಾಯಿಸಿ ಆ ಗಾಳಿಗೆ ಪಸೆ ಕೂಡಿಸುತ್ತದೆ. ಚಳಿಗಾಲ ಬಂದದ್ದೇ ತಡ, ಬೆಚ್ಚನೆಯ ಪಸೆಗಾಳಿ ತಣ್ಣನೆಯ ಕೊಳವೆಯೊಳಗೆ ನೀರಾಗಿ ಮೂಗಿಗೇ ಇಳಿಯತೊಡಗಿತು.

"ನಾ ಮಲಗಾಕ ಹೋಗ್ತೇನೊ, ಈಜಾಕೊ?" ಎಂದು ಯಜಮಾನರು ಚಹಾ ಕುಡಿಯುತ್ತ ರೇಗಿದರು. "ಸಂಜಿಕ ನಮ್ಮ ಬೀಜದ ಗಾಡಿ ಹುಬ್ಬಳ್ಳಿಗೆ ಹೊಂಟೈತಿ. ಈ ಡಬ್ಬಿ ಕಟ್ಟಿಡು, ವಾಪಸ್ ಹೋಗ್ಲಿ."

"ಇವತ್ತೊಂದ ದಿನ ತಡೀರಿ," ಎಂದೆ.

"ಇಂಗ್ಲಿಷ್ ಪುಸ್ತಕ ಓದಿ ಹೇಳಿದಾಕಿ ನೀನ ಅಲ್ಲೇನು? ಗಂಡನ ಮೂಗಿಗೆ ನೀರು ಬಿಡ್ರಿ ಅಂತ ಬರದಿತ್ತೇನು ಅದರಾಗ?"

ಅವರು ಬೀಜದ ಅಂಗಡಿಗೆ ಹೊರಟುಹೋದರು. ನನ್ನ ಎದೆಯಲ್ಲಿ ಮತ್ತೆ ಒನ್, ಟೂ ಶುರುವಾಯಿತು.

ಚುಚ್ಚಿದ್ದು ಸರಿಯೇ. ಯಂತ್ರ ಬಂದ ದಿನ ಅದರ ಕೈಪಿಡಿಯನ್ನು, ಶಾಲೆಯ ಸಿಸ್ಟರು ಕೇಳಿದ್ದರೆ ಮೆಚ್ಚುವಂತೆ, ಗಟ್ಟಿಯಾಗಿ ಓದಿ ತೋರಿಸಿದ್ದೆ. ಲಕ್ಷ್ಯವೆಲ್ಲ ಉಚ್ಚಾರದ ಮೇಲಿದ್ದುದರಿಂದ ಅರ್ಥದ ಕಡೆ ಹೋಗಲು ಪುರಸೊತ್ತಾಗಿರಲಿಲ್ಲ. ಮೊಬೈಲು ಮಾತಿಗಷ್ಟೇ ಇದ್ದ ಆ ದಿನಗಳಲ್ಲಿ ಕೇಳಲು ಬೇರೆ ದಿಕ್ಕೂ ಇಲ್ಲ. ಅದೇ ಕೈಪಿಡಿಯನ್ನು ಮತ್ತೆ ತೆಗೆದು, ಈ ಸಲ ಬೆರಳಿಟ್ಟು ಓದಿದೆ. ಯಂತ್ರವನ್ನು ಮಲಗುವವರ ತಲೆಗಿಂತ ಕೆಳಗಿಡಿ, ಎಂದಿತ್ತು. ನಾನು ಇಟ್ಟದ್ದು ಬಟ್ಟೆಯ ಕಪಾಟಿನ ನೆತ್ತಿಯ ಮೇಲೆ! ಬ್ಯಾಡಗಿಯ ನಾದಿನಿ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ಕಳಿಸಿದ್ದಳು. ಚೀಲ ಮಂಚದ ಕೆಳಗಿತ್ತು. ಗಾಳಿ ಹೀರುವ ಯಂತ್ರ ಆ ಘಾಟನ್ನೂ ಹೀರಿ ಗಂಡನ ಮೂಗಿಗೆ ಊದಿದರೆ? ಚೀಲ ಸರಿಸಬಹುದೆಂದು ಹೊಳೆಯದೆ, ಯಂತ್ರವನ್ನೇ ಮೇಲೇರಿಸಿ ಜಾಣೆಯೆಂದುಕೊಂಡಿದ್ದೆ. ಸಾಲದ್ದಕ್ಕೆ, ತುಪ್ಪ ಬಡಿಸಿ ರೂಢಿಯಾದ ಕೈಯಲ್ಲವೆ, ಪಸೆಯ ಗುಂಡಿಯನ್ನೂ ಕೊನೆಯವರೆಗೆ ತಿರುಗಿಸಿದ್ದೆ. ಸೊಳ್ಳೆಗೆಂದು ಹಚ್ಚಿದ ಫ್ಯಾನು ನೇರ ಕೊಳವೆಯ ಮೇಲೆ ಬೀಸುತ್ತಿತ್ತು. ಅತಿಯಾದ ಅಕ್ಕರೆಯೂ ತಣ್ಣನೆಯ ಜಾಗ ಸಿಕ್ಕಲ್ಲಿ ನೀರಾಗಿ ಎದುರಿನವರ ಮೂಗಿಗೇ ಹೋಗುತ್ತದೆಂಬುದನ್ನು, ಇಷ್ಟು ವರ್ಷ ಸಂಸಾರ ಮಾಡಿ, ನಾನು ಕೈಪಿಡಿಯಿಂದ ಕಲಿಯಬೇಕಾಯಿತು.

ಸೀನುತ್ತ ಸೀನುತ್ತ ಚೀಲವನ್ನು ಅಡುಗೆಮನೆಗೆ ಎಳೆದೆ. ಯಂತ್ರವನ್ನು ಮಂಚಕ್ಕಿಂತ ತಗ್ಗಾದ ಮಣೆಗೆ ಇಳಿಸಿ, ಗುಂಡಿ ಹಿಂದಕ್ಕೆ ತಿರುಗಿಸಿ, ಫ್ಯಾನಿನ ಬದಲು ಸೊಳ್ಳೆಪರದೆ ಕಟ್ಟಿದೆ. ಕೊಳವೆಗೆ ಬೆಚ್ಚನೆಯ ಹೊದಿಕೆ ಹಾಕಿ ಎಂದೂ ಬರೆದಿತ್ತು. ಕಾನ್ವೆಂಟಿನಲ್ಲಿ ಕರವಸ್ತ್ರದ ಮೇಲೆ ಗುಲಾಬಿ ಕಸೂತಿ ಕಲಿಸಿದ್ದರು. ಉಪಯೋಗಕ್ಕೆ ಬಂದದ್ದು ಹಲಗೇರಿಯ ಅತ್ತೆ ಕಲಿಸಿದ ಕೌದಿಯ ಹೊಲಿಗೆ. ಹಳೆಯ ಸೀರೆ, ಲುಂಗಿಗಳ ತುಂಡು ಪದರಪದರವಾಗಿ ಕೂಡಿಸಿ, ಉದ್ದನೆಯ ಗವಸು ಹೊಲಿದು ಕೊಳವೆಗೆ ತೊಡಿಸಿದೆ. ಆದರೂ ತುದಿಯಲ್ಲೊಂದು ಗುಲಾಬಿ ಬಿಡಿಸದೆ ಇರಲಾಗಲಿಲ್ಲ.

ಊಟಕ್ಕೆ ಬಂದವರು ನೋಡಿ, "ಏನ ಇದು, ಹಾವಿಗೆ ಸೀರಿ ಉಡಿಸೀಯಲ್ಲ!" ಎಂದರು.

"ಒಂದ ತಾಸು ಮಲಗ್ರಿ. ಒಂದ ಹನಿ ಬಿದ್ರೂ ನಾನ ಕಟ್ಟಿ ಕಳಸ್ತೇನಿ."

ಮಲಗಿದರು. ನಾನು ಸ್ಟೂಲಿನ ಮೇಲೆ ಕೂತು ಎಣಿಸತೊಡಗಿದೆ. ಎಣಿಕೆ ತ್ರೀ ದಾಟಲೇ ಇಲ್ಲ. ಪ್ರತಿಸಲವೂ ಅದಕ್ಕೆ ಮೊದಲೇ ಮುಂದಿನ ಉಸಿರು, ಒಂದಿಷ್ಟೂ ಸದ್ದಿಲ್ಲದೆ, ಬಂದುಬಿಡುತ್ತಿತ್ತು. ಮೂರು ಗಂಟೆಗೆ ಎದ್ದು ಮೂಗು ಸವರಿಕೊಂಡರು. ಒಣಗಿತ್ತು.

"ಇರ್ಲಿ ಬಿಡು, ಗಾಡ್ಯಾಗ ಜಾಗಾನೂ ಇಲ್ಲ," ಎಂದಷ್ಟೇ ಹೇಳಿ ಅಂಗಡಿಗೆ ಹೋದರು. ನಾನು ಒಂದು ನಿಮಿಷ ಬೆನ್ನು ಚಾಚೋಣವೆಂದು ಮಂಚಕ್ಕೆ ಒರಗಿದೆ. ಕಣ್ಣು ಬಿಟ್ಟಾಗ ಐದು ಹೊಡೆದುಹೋಗಿತ್ತು.

ಸಂಜೆ ಹೊರಗೆ ಬಂದಾಗ, ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಶಾಂತಕ್ಕ ಕಟ್ಟೆಯ ಮೇಲೆ ಮೆಂತೆ ಸೊಪ್ಪು ಬಿಡಿಸುತ್ತ, ತಲೆಯೆತ್ತದೆಯೇ ಕೇಳಿದಳು: "ಯಾಕ್ರಿ, ಸಾವ್ಕಾರ್ರು ಮಧ್ಯಾಹ್ನ ಅಂಗಡಿಗೆ ಹೋಗ್ಲೇ ಇಲ್ಲೇನು? ಐದರ ತನಕ ಗೊರಕಿ ಗ್ವಾಡಿ ದಾಟಿ ಕೇಳಾಕತ್ತಿತ್ತಲ್ಲ!"