ಗಾಯದ ಮೇಲಿಟ್ಟ ಹತ್ತಿ

ಹೊಲಿಗೆ ಹಾಕುವಾಗ ಮಕ್ಕಳನ್ನು ಹಿಡಿದುಕೊಳ್ಳುವುದರಲ್ಲಿ ನನಗೊಂದು ಹೆಸರಿದೆ. ಸೊರಬದ ಒಂದು ಸಣ್ಣ ನರ್ಸಿಂಗ್ ಹೋಂನಲ್ಲಿ ನಾನು ನರ್ಸ್. ಶಿಕಾರಿಪುರದಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತೇನೆ, ಸಂಜೆ ಕಾಲು ಊದಿಸಿಕೊಂಡು ಹಿಂದಿರುಗುತ್ತೇನೆ. ಬೆಡ್‌ಶೀಟಿನಲ್ಲಿ ಕೈಕಾಲು ಸುತ್ತಿ, ಭುಜ ಒತ್ತಿ, ತಲೆಯನ್ನು ಎರಡು ಅಂಗೈಗಳ ನಡುವೆ ಬಿಗಿಹಿಡಿದರೆ ಯಾವ ಮಗುವೂ ಮಿಸುಕಲಾರದು. ಮರಗಟ್ಟಿಸುವ ಇಂಜೆಕ್ಷನ್ನನ್ನು ಹಸಿ ಗಾಯದ ಅಂಚಿಗೇ ಚುಚ್ಚಬೇಕಲ್ಲ, ಆ ಹೊತ್ತೇ ಕೆಟ್ಟದ್ದು. ಆಮೇಲೆ ಹೊಲಿಗೆ ಹಾಕಿದ್ದು ಗೊತ್ತಾಗುವುದಿಲ್ಲ. ಆದರೆ ಅಷ್ಟರಲ್ಲಿ ಮಗು ನಮ್ಮನ್ನು ನಂಬುವುದನ್ನು ಬಿಟ್ಟಿರುತ್ತದೆ.

ಕಳೆದ ವರ್ಷ ಒಂದು ದಿನ ಕುಪ್ಪಗಡ್ಡೆಯಿಂದ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆತಂದರು. ಆರೇಳು ವರ್ಷದ ಹುಡುಗಿ. ಶಾಲೆಯ ಮೆಟ್ಟಿಲ ಮೇಲೆ ಬಿದ್ದು ಹಣೆ ಒಡೆದುಕೊಂಡಿದ್ದಳು. ಹೊರಗೆ ಬೆಂಚು ತುಂಬಿ ಜನ ಗೋಡೆಗೊರಗಿ ನಿಂತಿದ್ದರು. ನಾನು ಅಭ್ಯಾಸದಂತೆ ಬೆಡ್‌ಶೀಟ್ ಬಿಡಿಸಿದೆ.

ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಗಾಯ ತೊಳೆದು, ಬೇಡವೆಂಬಂತೆ ತಲೆಯಾಡಿಸಿದರು. ಒಂದು ಸಣ್ಣ ಬಾಟಲಿಯ ಮರಗಟ್ಟಿಸುವ ಔಷಧಿಯಲ್ಲಿ ಹತ್ತಿ ನೆನೆಸಿ ಗಾಯದೊಳಕ್ಕೆ ಮೆತ್ತಗೆ ಇಟ್ಟರು. "ಇದನ್ನ ಹೀಗೇ ಒತ್ತಿ ಹಿಡ್ಕೊಂಡಿರಿ. ಅರ್ಧ ಗಂಟೆ."

"ಅರ್ಧ ಗಂಟೆನಾ ಮೇಡಂ? ನಾನು ಹಿಡ್ಕೋತೀನಿ, ಐದು ನಿಮಿಷದ ಕೆಲ್ಸ."

"ಗೊತ್ತು. ಆದ್ರೂ ಕಾಯೋಣ," ಎಂದು ಮುಂದಿನ ಪೇಷೆಂಟ್ ನೋಡಲು ಹೋದರು.

ನನಗೆ ಸಿಟ್ಟು ಬಂತು. ಕಾಯುವುದು ಅವರಲ್ಲ, ನಾನು. ಗ್ಲೌಸ್ ಹಾಕಿದ ಬೆರಳನ್ನು ಹತ್ತಿಯ ಮೇಲಿಟ್ಟು ಸ್ಟೂಲ್ ಎಳೆದುಕೊಂಡು ಕೂತೆ. ಅಜ್ಜಿಗೂ ಸಮಾಧಾನವಿರಲಿಲ್ಲ.

"ಬೇಗ ಮುಗಿಸ್ರೀ ಸಿಸ್ಟರ್. ಕೂಗಿದ್ರೆ ಕೂಗ್ಲಿ, ಏನಾತು? ನಂಗೆ ಕುಡುಗೋಲು ತಾಗಿದಾಗ ಯಾರು ಮದ್ದು ಹಚ್ಚಿದ್ರು?" ಎಂದು ಸೀರೆ ಎತ್ತಿ ಮೊಣಕಾಲ ಕೆಳಗಿನ ಗೀರು ತೋರಿಸಿದರು. "ಹೊಲಿಗೆ ಹಾಕೋವಾಗ ನಾಕು ಜನ ಹಿಡ್ಕಂಡಿದ್ರು. ಒಬ್ಬೊಬ್ಬರ ಮುಖಾನೂ ಇನ್ನೂ ನೆಪ್ಪೈತೆ."

ಹೇಳಿ ಸೀರೆ ಇಳಿಸಿಕೊಂಡರು. ಆಮೇಲೆ ಬೇಗ ಮುಗಿಸಿ ಎನ್ನಲಿಲ್ಲ.

ಹುಡುಗಿ ಅಳು ನಿಲ್ಲಿಸಿ ಸೂರಿನ ಫ್ಯಾನ್ ನೋಡುತ್ತಿದ್ದಳು. ಶಾಲೆಯಲ್ಲಿ ತನ್ನನ್ನು ತಳ್ಳಿದವಳು ಯಾರೆಂದು ನನ್ನ ಕಿವಿಗೆ ಮಾತ್ರ ಹೇಳಿ, ಟೀಚರಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು. ಇಷ್ಟು ವರ್ಷದಲ್ಲಿ ಹೊಲಿಗೆಗೆ ಬಂದ ಒಂದು ಮಗುವಾದರೂ ನನ್ನೊಡನೆ ಮಾತಾಡಿತ್ತೇ? ನೆನಪಾಗಲಿಲ್ಲ.

ಹತ್ತಿ ತೆಗೆದಾಗ ಗಾಯದ ಸುತ್ತಲಿನ ಚರ್ಮ ಬಿಳಿಚಿಕೊಂಡಿತ್ತು. ಔಷಧಿ ಹಿಡಿದಿದೆ ಎಂದರು ಡಾಕ್ಟರಮ್ಮ. ಮೂರು ಹೊಲಿಗೆ ಬೀಳುವವರೆಗೂ ಹುಡುಗಿ, "ಎಳೀತಿದೀರಾ?" ಎಂದಷ್ಟೇ ಕೇಳಿದಳು. ನಾಲ್ಕನೆಯದಕ್ಕೆ, ಮೂಲೆಯಲ್ಲಿ ಔಷಧಿ ಸರಿಯಾಗಿ ಇಳಿದಿರಲಿಲ್ಲವೇನೋ, ಚೀರಿದಳು. ಅಲ್ಲಿಗೆ ಸ್ವಲ್ಪ ಇಂಜೆಕ್ಷನ್ ಕೊಡಲೇಬೇಕಾಯಿತು. ನಾನು ತಲೆ ಹಿಡಿದೆ. ಆದರೆ ಬೆಡ್‌ಶೀಟ್ ಸುತ್ತಲಿಲ್ಲ. ಅವಳೂ ನನ್ನ ಸೊಂಟ ಹಿಡಿದುಕೊಂಡಳು.

ಆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಿದ್ದೆ ಬರಲಿಲ್ಲ. ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ಗದ್ದ ಸೀಳಿತ್ತು. ಬೇರೆಯವರು ಹಿಡಿದರೆ ಹೆದರುತ್ತಾಳೆಂದು ನಾನೇ ಹಿಡಿದಿದ್ದೆ. ಅದಾದ ಮೇಲೆ ತುಂಬ ದಿನ ಅವಳು ಅಪ್ಪನ ಕೈಯಲ್ಲೇ ಊಟ ಮಾಡಿದ್ದಳು. ಆಗ ಅದನ್ನು ಹಟವೆಂದುಕೊಂಡಿದ್ದೆ.

ಈಗ ಅವಳು ಬಿ.ಎಡ್. ಓದುತ್ತಿದ್ದಾಳೆ. ಮನೆಗೆ ಹೋಗಿ ಚಪ್ಪಲಿ ಬಿಡುತ್ತಲೇ, "ಗದ್ದಕ್ಕೆ ಹೊಲಿಗೆ ಹಾಕಿಸಿದ್ದು ನೆನಪಿದೆಯಾ?" ಎಂದು ಕೇಳಿದೆ.

"ಸೂಜಿ ನೆನಪಿಲ್ಲಮ್ಮ. ನಿನ್ನ ಬಳೆ ಕೆನ್ನೆಗೆ ಒತ್ತಿದ್ದು ನೆನಪಿದೆ." ಅವಳು ಚಪಾತಿ ಹಿಟ್ಟು ನಾದುತ್ತಲೇ ಹೇಳಿದಳು. ಆಮೇಲೆ ಅವಳೇ, "ಆಗ ಬೇರೆ ದಾರಿ ಇರ್ಲಿಲ್ವಲ್ಲ, ಬಿಡು. ಕಾಲು ತೊಳ್ಕೊಂಡು ಬಾ," ಎಂದಳು.

ದಾರಿ ಇತ್ತೋ ಇಲ್ಲವೋ ನನಗೂ ಗೊತ್ತಿಲ್ಲ. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಈಗ ಹಣೆ, ನೆತ್ತಿ ಒಡೆದುಕೊಂಡು ಬಂದ ಮಕ್ಕಳಿಗೆ ಡಾಕ್ಟರಮ್ಮನನ್ನು ಕೇಳಿ ನಾನೇ ಹತ್ತಿ ನೆನೆಸುತ್ತೇನೆ. ಬೆರಳಿಗೆ, ಕಿವಿಗೆ, ಮೂಗಿನ ತುದಿಗೆ ಆ ಔಷಧಿ ಇಡುವಂತಿಲ್ಲ. ಅಲ್ಲಿ ರಕ್ತದ ಓಡಾಟ ನಿಲ್ಲಬಹುದಂತೆ. ಅಂಥ ಮಕ್ಕಳನ್ನು ಹಳೆಯ ಹಾಗೇ ಹಿಡಿಯುತ್ತೇನೆ. ಆಕ್ಸಿಡೆಂಟಿನವರು ಬಂದ ದಿನ, ಕಾಯಲು ಪುರುಸೊತ್ತಿಲ್ಲದ ದಿನ, ಎಲ್ಲರನ್ನೂ ಹಿಡಿಯುತ್ತೇನೆ. ಅಂಥ ದಿನ ಕಳೆದ ವಾರವೂ ಒಂದು ಬಂದಿತ್ತು. ಆ ದಿನ ನಾನು ಹಿಡಿದ ಮಗು ಹೊರಡುವಾಗ ನನ್ನತ್ತ ತಿರುಗಿಯೂ ನೋಡಲಿಲ್ಲ. ಟ್ರೇ ತೊಳೆದಿಟ್ಟು ಮುಂದಿನವರನ್ನು ಕರೆದೆ.