ತಾನಾಗಿ ಮುಚ್ಚಿಕೊಳ್ಳುವ ಕದ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಧೋತರಕ್ಕೆ ಇಸ್ತ್ರಿ ಹಾಕುತ್ತಾ ಮೈಮರೆತಳು. ಸುಟ್ಟ ಹತ್ತಿಯ ವಾಸನೆ ಮನೆ ತುಂಬಿತು. ರೇಗಬೇಕಾದ ನಾನು ಬಿದ್ದು ಬಿದ್ದು ನಕ್ಕೆ. "ಯಾಕ್ರೀ, ಏನಾತು?" ಎಂದಳು. ವರ್ಷಗಟ್ಟಲೆ ಮುಚ್ಚಿಟ್ಟ ಗುಟ್ಟೊಂದು ಬಾಯಿಗೆ ಬಂದೇಬಿಟ್ಟಿತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಿಜಾಮನ ಆಳ್ವಿಕೆ ಮುಗಿದು ಎರಡು ವರ್ಷವಾಗಿತ್ತು. ಮಸ್ಕಿಯ ಒಂದು ಹತ್ತಿ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ನಾನು ಗುಮಾಸ್ತ. ಒಂದು ಕಡೆ ಬಾಯ್ಲರ್ ಕೋಣೆ; ಅದಕ್ಕೆ ಅಂಟಿಕೊಂಡೇ ಹತ್ತಿಯ ಕಸ ಆರಿಸುವ ಪಡಸಾಲೆ, ಅಲ್ಲಿ ಸೊಂಟದೆತ್ತರದ ಹತ್ತಿ, ನಲವತ್ತು ಹೆಂಗಸರು. ನಡುವೆ ಇದ್ದದ್ದು ಬರೀ ಬಿದಿರು ತಟ್ಟಿ. ದೊಡ್ಡ ಊರಿನ ಮಿಲ್ಲುಗಳಲ್ಲಿ ಕೆಲಸ ಮಾಡಿ ಬಂದಿದ್ದ ಗೌಂಡಿ ಮೆಹಬೂಬ್ ಸಾಬರು ನೋಡಿ ಹಣೆ ಹಣೆ ಚಚ್ಚಿಕೊಂಡರು. "ಸಾವ್ಕಾರ್ರ, ಇದು ಜಿನ್ನಲ್ಲ, ಒಲಿ ಬಾಜೂಕ ಹಾಸಿದ ಗಾದಿ!"

ಜಿನ್ನಿನ ಒಡೆಯರಾದ ಸಾವಕಾರರು ಹೆದರಿ, ನಡುವೆ ಗೋಡೆ ಕಟ್ಟಿಸಲು ಒಪ್ಪಿದರು. ಸಾಬರು ದಪ್ಪನೆಯ ಇಟ್ಟಂಗಿ ಗೋಡೆ ಎಬ್ಬಿಸಿ, ಅದನ್ನು ಮಾಳಿಗೆಗಿಂತ ಎರಡು ಮೊಳ ಮೇಲಕ್ಕೂ ಒಯ್ದರು.

"ಆ ಎರಡು ಮೊಳ ಯಾಕೋ ಸಾಬ, ಕಾಗಿ ಕುಂದ್ರಾಕೇನು?" ಎಂದರು ಸಾವಕಾರರು.

"ಬೆಂಕಿ ಮ್ಯಾಲಿಂದ ಹಾರತೈತ್ರಿ. ಅದಕ್ಕ ಅಡ್ಡ."

ಗೋಡೆಯ ನಡುವೆ ಒಂದು ಕದ. ದಪ್ಪ ಹಲಗೆ, ಎರಡೂ ಬದಿಗೆ ತಗಡು, ಇಳಿಜಾರಾದ ಕಂಬಿಯ ಮೇಲೆ ಗಾಲಿ. ಕೈ ಬಿಟ್ಟರೆ ತಾನಾಗಿ ಉರುಳಿ ಬಂದು ಧಡ್ಡೆಂದು ಮುಚ್ಚಿಕೊಳ್ಳುತ್ತಿತ್ತು.

ಈಗ ನನ್ನ ಪಾಪಕ್ಕೆ ಬರುತ್ತೇನೆ. ಬಾಯ್ಲರಿನ ಬಿಸಿ ಕೊಳವೆಯ ಮೇಲೆ ಇಟ್ಟು ಕುದಿಸಿದ ಚಹಾ ನೀವು ಕುಡಿದಿಲ್ಲ, ನಿಮಗೆ ಹೇಗೆ ತಿಳಿಯಬೇಕು! ದಿನಕ್ಕೆ ಹತ್ತು ಸಲ ಆ ಕದ ತಳ್ಳಿ ಹೋಗಿ ಬರುವುದಕ್ಕೆ ಬೇಸತ್ತು ನಾನು ಅದು ಮುಚ್ಚದಂತೆ ಕಂಬಿಗೊಂದು ಇಟ್ಟಂಗಿ ಅಡ್ಡ ಇಡುತ್ತಿದ್ದೆ. ಹೆಂಗಸರ ಮುಖ್ಯಸ್ಥೆ ಮಲ್ಲಮ್ಮ ಬೈಯುತ್ತಿದ್ದಳು. "ಗುಮಾಸ್ತರ, ಆ ಕದ ನಮ್ಮ ಜೀವದ ಸಲುವಾಗಿ ಮಾಡ್ಯಾರ, ನಿಮ್ಮ ಚಾದ ಸಲುವಾಗಲ್ಲ." ನಾನು ಹಲ್ಲು ಕಿರಿದು ಚಹಾಕ್ಕೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಅಂಗಳದಲ್ಲಿ ನಿಂತಿದ್ದೆ. ಬಾಯ್ಲರಿಗೆ ಉರಿ ಹಾಕುವ ತಿಪ್ಪಣ್ಣ ಹಬೆ ಹೊರಬಿಟ್ಟು, ಸಿಳ್ಳು ಕೂಗಿಸಿ, ಓಡಿ ಬಂದ. ದಿನಕ್ಕೆ ಹಲವು ಸಲ ಕೂಗುವ ಸಿಳ್ಳು, ಪಡಸಾಲೆಯಲ್ಲಿ ಯಾರೂ ಕಿವಿಗೊಡಲಿಲ್ಲ. ಬಾಯ್ಲರ್ ಕೋಣೆಯಲ್ಲಿ ಕೆಂಡ ಸಿಡಿದು, ಉರುವಲಿಗಿಟ್ಟ ಹತ್ತಿಕಟ್ಟಿಗೆಯ ರಾಶಿಗೆ ಬೆಂಕಿ ಹತ್ತಿತ್ತು. ನನ್ನ ಕಣ್ಣೆದುರು ಬಂದದ್ದು ಒಂದೇ: ಅರ್ಧ ತಾಸಿನ ಹಿಂದೆ ನಾನಿಟ್ಟ ಇಟ್ಟಂಗಿ.

ಸುತ್ತು ಹಾಕಿ ಮುಂಬಾಗಿಲಿನಿಂದ ಪಡಸಾಲೆಗೆ ನುಗ್ಗಿದೆ. ಬೆಂಕಿ ಎನ್ನುವ ಮಾತೇ ಹೊರಡಲಿಲ್ಲ. "ಇಟ್ಟಂಗಿ! ಇಟ್ಟಂಗಿ!" ಎಂದು ಕೂಗುತ್ತಾ ಹತ್ತಿಯ ರಾಶಿಗೆ ಹಾರಿ, ಜಾರಿ, ತಲೆಕೆಳಗಾಗಿ ಹೂತುಹೋದೆ. ಮೇಲೆ ಕಾಣುತ್ತಿದ್ದದ್ದು ನನ್ನೆರಡು ಕಾಲು. ನಲವತ್ತು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಲ್ಲಮ್ಮ ನನ್ನನ್ನು ಎಳೆದು ಕೂರಿಸಿ, ತಾನು ಕುಳಿತಿದ್ದ ಇಟ್ಟಂಗಿ ಮುಂದೆ ಹಿಡಿದಳು.

"ಇದಕ್ಕ ಇಷ್ಟ್ಯಾಕ ಒದ್ದಾಡ್ತೀರಿ? ಆಗಲೇ ತಗದೀನಿ. ತಗೋರಿ."

ಕದ ಮುಚ್ಚಿತ್ತು! ಆಗ ಬಾಯಿ ಬಂತು: "ಬೆಂಕಿ!"

ನಗು ನಿಂತಿತು. ಮಲ್ಲಮ್ಮ ಒಬ್ಬೊಬ್ಬರನ್ನೇ ಹೊರಗೆ ಕಳಿಸಿ, ಕೊನೆಗೆ ನನ್ನನ್ನು ರಟ್ಟೆ ಹಿಡಿದು ಎಳೆದು ತಂದಳು. ಆ ಬದಿಗೆ ಬಾಯ್ಲರ್ ಕೋಣೆಯ ಮಾಳಿಗೆ ಕುಸಿಯಿತು. ಉರಿ ಎದ್ದು ಎದ್ದು ಆ ಎರಡು ಮೊಳಕ್ಕೆ ಬಡಿದು ಹಿಂದೆ ಸರಿಯಿತು. ಎಲ್ಲರೂ ಬಾವಿಯಿಂದ ನೀರು ಸೇದಿ ಆರಿಸಿದೆವು. ಓಡಿ ಬಂದ ಸಾಬರು ಪಡಸಾಲೆಗೆ ಹೋಗಿ ಗೋಡೆಗೆ ಅಂಗೈ ಇಟ್ಟರು. "ಬೆಚ್ಚಗೈತಿ, ಅಷ್ಟ," ಎಂದು ಅಳತೊಡಗಿದರು. ಹೆಂಗಸರೂ ಸಾಲಾಗಿ ಅಂಗೈ ಇಟ್ಟು ನೋಡಿದರು. ಒಬ್ಬಳು ಕಿಸಕ್ಕೆಂದಳು. ಆಮೇಲೆ ನಮ್ಮ ನಗು ಹಿಡಿಯುವವರೇ ಇರಲಿಲ್ಲ. ಅಳುತ್ತಿದ್ದ ಸಾಬರೂ ನಕ್ಕರು.

ಸಂಜೆ ಲಿಂಗಸುಗೂರಿನಿಂದ ಬಂದ ಸಾವಕಾರರು, ಮೈಯೆಲ್ಲ ಹತ್ತಿಯಾಗಿ ಕುರಿಯಂತೆ ನಿಂತಿದ್ದ ನನ್ನನ್ನು ಕಂಡರು. ಹೆಂಗಸರನ್ನು ಉಳಿಸಲು ನುಗ್ಗಿದ ಧೀರನೆಂದು ಶಾಲು ಹೊದಿಸಿದರು. ಮಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಗು ತಡೆದುಕೊಂಡಳು. ಸುದ್ದಿ ಹಬ್ಬಿ ತಿಂಗಳೊಳಗೆ ಲಿಂಗಸುಗೂರಿನ ಒಬ್ಬ ವ್ಯಾಪಾರಿ ಇಂಥ ಗಂಡಿಗೇ ಮಗಳನ್ನು ಕೊಡುತ್ತೇನೆಂದು ಬಂದರು. ನಾನು ಬೇಡ ಎನ್ನಲಿಲ್ಲ.

ಇಷ್ಟನ್ನು ಒಪ್ಪಿಸಿ ಈ ಬೆಳಿಗ್ಗೆ ತಲೆ ತಗ್ಗಿಸಿ ಕುಳಿತೆ.

"ಗೊತ್ತೈತಿ ಬಿಡ್ರಿ," ಎಂದಳು ಹೆಂಡತಿ. "ಲಗ್ನಕ್ಕ ಅರಿಷಿಣ ಹಚ್ಚಾಕ ಬಂದಾಗ ಮಲ್ಲಮ್ಮ ಎಲ್ಲಾ ಹೇಳ್ಯಾಳ."

"ಮತ್ಯಾಕ ಒಪ್ಪಿದಿ?"

"ಕದ ಮುಚ್ಚೈತಿ ಅಂತ ನಿಮಗ ಗೊತ್ತಿತ್ತೇನು?"

"ಇಲ್ಲ."

"ಬೆಂಕಿ ಒಳಗ ಬಂದೈತಿ ಅಂತ ತಿಳಕೊಂಡ ಓಡಿ ಹೋದ್ರಲ್ಲ. ನನಗ ಅಷ್ಟ ಸಾಕಾತು."

ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ನಾನು ಹೆಂಡತಿಯೆದುರು ನಾಚಿಕೊಂಡೆ.