ತುಟಿಯ ಮೂಲೆಯ ಗಡ್ಡ

ಆಗ ನನಗೆ ಐವತ್ತೆಂಟು ವರ್ಷ. ಅದಾಗಿ ಹನ್ನೊಂದು ವರ್ಷವಾಯಿತು. ಆ ವಯಸ್ಸಿನಲ್ಲಿ ನಾನು ಕ್ಷೌರದ ಕತ್ತಿ ಹಿಡಿಯುವುದನ್ನು ಕಲಿತೆ. ಕಲಿಸಿದವರು ನಮ್ಮ ಮನೆಯವರು. ಕಲಿತದ್ದು ಅವರ ಮುಖದ ಮೇಲೆಯೇ.

ನಮ್ಮದು ಹೊಳಲ್ಕೆರೆ ತಾಲ್ಲೂಕು, ಬಿ.ದುರ್ಗದ ಮಗ್ಗುಲಿನ ಊರು. ಮನೆಯವರು ಹುಡುಗರಾಗಿದ್ದಾಗಿನಿಂದ ಸುತ್ತಿನ ಹಳ್ಳಿಗಳಲ್ಲಿ ಕ್ಷೌರ ಮಾಡಿದವರು. ಬದುಕಿದವರಿಗೂ ಮಾಡಿದರು, ಸತ್ತವರಿಗೂ ಮಾಡಿದರು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕುತ್ತಾರೆ. ಬಂದವರು ಮೊದಲು ನೋಡುವುದು ಮುಖ. ಅದಕ್ಕೇ ಮುಂಚೆ ಗಡ್ಡ ತೆಗೆಯಬೇಕು.

ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಬಲಗೆನ್ನೆ ಜೋತು ಬಿತ್ತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಮಾತು ತೊದಲುತ್ತಿತ್ತು, ಆದರೂ ನಮಗೆ ತಿಳಿಯುತ್ತಿತ್ತು. ಬೈಗುಳ ಮಾತ್ರ ಸರಿಯಾಗಿ ಬರುತ್ತಿತ್ತು.

ಅವರ ತಮ್ಮನಿಗೆ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಸಲೂನು. ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಅವನದು. ಅಂಗಡಿಗೆ ರಜೆಯಿದ್ದ ದಿನ ಅಣ್ಣನ ಗಡ್ಡ ತೆಗೆಯಲು ಬಂದ.

"ಮಂಗಳವಾರ ಯಾವನಾದ್ರೂ ಗಡ್ಡ ತೆಗಿತಾನೇನೋ?" ಎಂದರು ಇವರು.

"ಬ್ಯಾರೆ ದಿನ ಪುರುಸೊತ್ತೆಲ್ಲಿ ಐತಣ್ಣ?"

ಅವಸರದಲ್ಲಿ ಕೆರೆದ. ಬಲಗೆನ್ನೆಗೆ ಎರಡು ಕಡೆ ಗಾಯವಾಯಿತು. ಆ ಕೆನ್ನೆಗೆ ಸ್ಪರ್ಶವಿರಲಿಲ್ಲ, ಇವರಿಗೆ ತಿಳಿಯಲಿಲ್ಲ. ಅವನು ಹೋದ ಮೇಲೆ ಕನ್ನಡಿ ಕೇಳಿದರು. ಬಹಳ ಹೊತ್ತು ನೋಡಿಕೊಂಡರು.

"ಲೇ, ನಾಳೆ ನನ್ನ ಕುಂದ್ರಿಸಿದಾಗ ಮಕದ ಮ್ಯಾಲೆ ಗಾಯ ಇರಬಾರ್ದು. ಬದುಕಿರೋನ ಗಾಯ ನಾಕು ದಿನಕ್ಕೆ ಮಾಯ್ತತೆ. ಸತ್ತೋನ್ದು ಹಂಗೇ ಮಣ್ಣಿಗೋಗ್ತತೆ. ಅವ್ನ ಕೈಗೆ ನನ್ನ ಮಕ ಕೊಡಬ್ಯಾಡ. ನನ್ನ ಕತ್ತಿ ತಗಂಡು ನೀನೇ ಮಾಡು."

"ನಂಗೆಲ್ಲಿ ಬರ್ತತೆ?"

"ಕಲಿ. ನಾನೇನು ಇವತ್ತೇ ಸಾಯಲ್ಲ."

ಆ ಕತ್ತಿಯ ಚೀಲವನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಹೆಂಗಸರು ಮುಟ್ಟಬಾರದು ಎಂದು ನಮ್ಮತ್ತೆ ನಾನು ಮದುವೆಯಾಗಿ ಬಂದ ಹೊಸತರಲ್ಲೇ ಹೇಳಿದ್ದಳು. ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು. ಚೀಲ ಬಿಚ್ಚಿದೆ.

ನನ್ನದು ಕುಡುಗೋಲು ಮಸೆದ ಕೈ. ಮಸೆಕಲ್ಲಿಗೆ ನೀರು ಹಾಕಿ, ಒತ್ತಿ ತಿಕ್ಕಿದೆ.

"ರಾಗಿ ಕೊಯ್ಯಾಕೆ ಹೊಂಟೀಯೇನು? ಬಿಡು, ಕತ್ತಿ ಸತ್ತೋಯ್ತು," ಎಂದರು.

ಒತ್ತಬಾರದು. ಅಲಗನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಬೇಕು, ಹರಿತದ ಬಾಯಿಯೂ ಮೊಂಡು ಬೆನ್ನೂ ಎರಡೂ ಕಲ್ಲಿಗೆ ತಾಗಬೇಕು. ಹೊರಳಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕು. ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗಬೇಕು, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ. ಇದನ್ನು ಮರೆತು ಕಿಟಕಿಯ ಸರಳಿಗೆ ಕಟ್ಟಿದ್ದ ಪಟ್ಟಿಯನ್ನು ಒಮ್ಮೆ ಸೀಳಿಯೂಬಿಟ್ಟೆ. ಅವರು ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಸದ್ದು ಕೇಳಿಯೇ ಬೈಯುತ್ತಿದ್ದರು. ಮುಂಗೈ ಮೇಲೆ ಆಡಿಸಿದಾಗ ಕೂದಲು ಎಳೆಯದೆ ತಾನಾಗಿ ಉದುರಿದರೆ ಕತ್ತಿಗೆ ಬಾಯಿ ಬಂತೆಂದು ಅರ್ಥ. ನನ್ನ ಮುಂಗೈ ಬೋಳಾಗುವ ಹೊತ್ತಿಗೆ ಅಷ್ಟು ಬಂತು.

ಮುಖಕ್ಕೆ ಕೈ ಹಾಕುವ ಮೊದಲು ಹಿತ್ತಿಲಿನ ಬೂದುಗುಂಬಳ ತಂದೆ. ಎಳೆಯ ಕಾಯಿಗೆ ಮೈತುಂಬ ಒರಟು ರೋಮವಿರುತ್ತದೆ. ಸೋಪಿನ ನೊರೆ ಹಚ್ಚಿ ತೆಗೆದೆ. ಕಾಯಿಗೆ ಗಾಯವಾದರೆ ಆವತ್ತು ಅದರದೇ ಹುಳಿ.

"ಸೋಪಿನ ವಾಸ್ನೆ ಬರ್ತತಲ್ಲೇ," ಎನ್ನುತ್ತಿದ್ದರು ಉಣ್ಣುವಾಗ.

"ನಿಮ್ಮ ಗಡ್ಡದ ವಾಸ್ನೆ ಇರಬೇಕು. ಸುಮ್ನೆ ಉಣ್ರಿ."

ಕಾಯಿ ಗಾಯವಿಲ್ಲದೆ ಬರತೊಡಗಿದ ಮೇಲೆ ಅವರು ಬಲಗೆನ್ನೆ ತೋರಿಸಿದರು. "ಇಲ್ಲಿಂದ ಸುರು ಮಾಡು. ಈ ಕಡೆ ಆಗ್ಲೇ ಸತ್ತೈತೆ. ಸತ್ತ ಮಕ ಅಂದ್ರೆ ಹಿಂಗೇ, ತಾನಾಗಿ ಏನೂ ಮಾಡಲ್ಲ. ನಿನ್ನ ಬೆರಳೇ ಎಳಿಬೇಕು."

ಎಳೆದೆ. ಜೋತ ಚರ್ಮವನ್ನು ಎಡಗೈಯ ಎರಡು ಬೆರಳಲ್ಲಿ ಬಿಗಿ ಹಿಡಿದು ಬಲಗೈಯಲ್ಲಿ ಕತ್ತಿ ಆಡಿಸಿದೆ. ಎಡಗೆನ್ನೆಯದು ಸುಲಭ. ಅವರೇ ಗಾಳಿ ತುಂಬಿ ಉಬ್ಬಿಸುತ್ತಿದ್ದರು, ತುಟಿಯನ್ನು ಒಳಗೆ ಎಳೆದುಕೊಂಡು ಮೂಲೆಯನ್ನು ನನ್ನ ಕತ್ತಿಗೆ ಕೊಡುತ್ತಿದ್ದರು. ನಾನು ಎರಡು ಕಡೆಯೂ ಕಲಿತೆ ಅಂದುಕೊಂಡೆ. ಅವರೂ ಹಾಗೇ ಅಂದುಕೊಂಡರು.

ಅವರ ತಮ್ಮ ಬಂದಾಗಲೆಲ್ಲ ನಗುತ್ತಿದ್ದ. "ಅತ್ಗೆಮ್ಮ, ಹೊಳಲ್ಕೆರೆಗೆ ಬಂದುಬಿಡ್ರಿ, ನನ್ನ ಸಲೂನಿನಾಗೆ ಒಂದು ಕುರ್ಚಿ ಖಾಲಿ ಐತೆ."

"ನಿನ್ನ ಬ್ಲೇಡು ಬಿಸಾಕು, ಬರ್ತೀನಿ," ಎಂದೆ.

ಮುಂದಿನ ಬೇಸಿಗೆಯಲ್ಲಿ ಅವರಿಗೆ ಜ್ವರ ಬಂತು. ಮೈ ಮುಟ್ಟಿಸಿಕೊಳ್ಳಲಿಲ್ಲ, ಗಡ್ಡ ಬೆಳೆಯಿತು. ಒಂದು ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದರೆ ಸತ್ತಿದ್ದರು. ಗಂಜಿ ಕೆಳಗಿಟ್ಟೆ. ನೀರು ಕಾಯಿಸಿದೆ. ಕತ್ತಿ ತೆಗೆದು ಚರ್ಮದ ಪಟ್ಟಿಗೆ ಉಜ್ಜಿದೆ.

ಅಷ್ಟರಲ್ಲಿ ಸುದ್ದಿ ತಿಳಿದು ಅವರ ತಮ್ಮ ಕ್ಷೌರದ ಪೆಟ್ಟಿಗೆ ಹಿಡಿದು ಹೊಳಲ್ಕೆರೆಯಿಂದ ಬಂದ. ಅಳುತ್ತಿದ್ದ. "ಸರೀರಿ ಅತ್ಗೆಮ್ಮ, ನಾನು ಮಾಡ್ತೀನಿ."

"ನೀನು ತಲೆ ಹಿಡ್ಕ. ಅಲ್ಲಾಡಬಾರ್ದು."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮುದುಕಿ, "ಹೆಂಡ್ತಿ ಗಂಡನ ಮಕಕ್ಕೆ ಕತ್ತಿ ಹಿಡಿಯೋದು ಎಲ್ಲಾದ್ರೂ ಐತೇನವ್ವ?" ಎಂದಳು.

"ವರ್ಷದಿಂದ ಹಿಡ್ದೀನಿ. ಆವಾಗ ನೀನು ನೋಡಾಕೆ ಬರ್ಲಿಲ್ಲ."

ಬಲಗೆನ್ನೆ ಎಂದಿನಂತೆಯೇ ಬಂತು. ಏನೂ ವ್ಯತ್ಯಾಸ ಕಾಣಲಿಲ್ಲ. ಎಡಗಡೆಗೆ ಬಂದೆ. ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಹಿಡಿದು, ಅವರು ಉಬ್ಬಿಸಲಿ ಎಂದು ಕಾದೆ. ಆಮೇಲೆ ಗೊತ್ತಾಯಿತು ಏನು ಕಾಯುತ್ತಿದ್ದೇನೆಂದು. ಬೆರಳಲ್ಲಿ ಎಳೆದು ಕೆನ್ನೆ ಮುಗಿಸಿದೆ. ಗದ್ದ ಮುಗಿಸಿದೆ. ತುಟಿಯ ಮೂಲೆ ಮಾತ್ರ ಬರಲಿಲ್ಲ. ಬಲಗಡೆಯ ತುಟಿ ಜೋತಿತ್ತು, ಹಿಡಿಯಬಹುದಿತ್ತು. ಈ ಕಡೆಯದು ಬಿಗಿದು ಒಳಗೆ ಹೋಗಿತ್ತು. ನೊರೆ ಹತ್ತಿದ ಬೆರಳು ಜಾರಿತು. ಇನ್ನೊಮ್ಮೆ ಹಿಡಿದೆ, ಇನ್ನೊಮ್ಮೆ ಜಾರಿತು. ಕತ್ತಿಯ ಬಾಯಿ ಅಲ್ಲೇ ಇತ್ತು. ಕತ್ತಿಯನ್ನೇ ಹಿಂದಕ್ಕೆ ಎಳೆದುಬಿಟ್ಟೆ.

"ಇಲ್ಲಿ ಒಂದೀಟು ಉಳೀತು ಅತ್ಗೆಮ್ಮ," ಎಂದ ತಮ್ಮ. "ನಾನು ಕೈ ಹಾಕ್ಲಾ?"

"ಬ್ಯಾಡ. ಗಾಯ ಆಗಬಾರ್ದು ಅಂದಿದ್ರು."

ಅವನು ಅಣ್ಣನ ಮುಖದ ನೊರೆ ಒರೆಸಿದ.

ಇಡೀ ದಿನ ಅವರು ಗೋಡೆಗೆ ಒರಗಿ ಕೂತಿದ್ದರು. ಮುಖದಲ್ಲಿ ಒಂದು ಗೀರೂ ಇರಲಿಲ್ಲ. ಎಡತುಟಿಯ ಮೂಲೆಯಲ್ಲಿ ಉಗುರಿನಷ್ಟು ಬಿಳಿ ಗಡ್ಡ ಇತ್ತು. ಬಂದವರೆಲ್ಲ ಹೂವು ಹಾಕಿ, ಅಲ್ಲೇ ನೋಡಿ ಹೋದರು. ಊರಿನ ಹೆಣಗಳಿಗೆಲ್ಲ ಮುಖ ನುಣ್ಣಗೆ ಮಾಡಿ ಕಳಿಸಿದ ಮನುಷ್ಯ ಅದನ್ನು ಹೊತ್ತುಕೊಂಡೇ ಮಣ್ಣಿಗೆ ಹೋದರು.

ಮರುದಿನ ಬೆಳಿಗ್ಗೆ ಕತ್ತಿಯನ್ನು ಕುದಿಯುವ ನೀರಿಗೆ ಅದ್ದಿ ತೊಳೆದು, ಮಸೆದು, ಪಟ್ಟಿಗೆ ಉಜ್ಜಿದೆ. ತಮ್ಮ ನಮ್ಮ ಮನೆಯಲ್ಲೇ ಉಳಿದಿದ್ದ, ಜಗಲಿಯಲ್ಲಿ ಕೂತಿದ್ದ. ಅವನ ಮುಖದಲ್ಲೂ ಎರಡು ದಿನದ ಗಡ್ಡ.

"ಬಾ ಇಲ್ಲಿ. ಗೋಡೆಗೆ ಒರಗು. ತುಟಿ ಎಳ್ಕಬ್ಯಾಡ, ಕೆನ್ನೆ ಉಬ್ಬಿಸಬ್ಯಾಡ. ಸತ್ತೋನಂಗೆ ಕುಂತ್ಕ."

"ನಿನ್ನೆ ಅಣ್ಣನ್ನ ಮಣ್ಣು ಮಾಡಿ ಬಂದೀವಿ, ಇವತ್ತು ನಂಗೂ ಸಾಯಿ ಅಂತೀರಲ್ಲ." ಕತ್ತಿಯನ್ನು ನೋಡಿದ. "ಅದೇ ಏನ್ರಿ ಇದು?"

"ಅದೇ. ತೊಳ್ದೀನಿ."

ಕಣ್ಣು ಮುಚ್ಚಿ ಒರಗಿದ. ಅಣ್ಣನದರಂತೆ ಬಾಯಿ ಬಿಗಿ ಹಿಡಿದ. ಮುಖಕ್ಕೆ ನೊರೆ ಹಚ್ಚಿ, ಬೆರಳಿಗೆ ಅಂಟಿದ್ದನ್ನು ಸೀರೆಯ ಸೆರಗಿಗೆ ಒರೆಸಿ, ಒಣ ಬೆರಳಿಗೆ ಚಿಟಿಕೆ ವಿಭೂತಿ ಹಚ್ಚಿಕೊಂಡು ಅವನ ಎಡತುಟಿಯ ಮೂಲೆ ಹಿಡಿದೆ. ಈ ಸಲ ಜಾರಲಿಲ್ಲ. ಗಡ್ಡ ಬಂತು, ಗಾಯವಾಗಲಿಲ್ಲ. ಕತ್ತಿ ಒರೆಸಿ, ಎಣ್ಣೆ ಸವರಿ, ಮಡಿಸಿ ಚೀಲಕ್ಕೆ ಹಾಕಿದೆ.